ತೂತು ಮುಚ್ಚಿದ್ರ ರಿಪೇರಿ ಆಗೂದಿಲ್ರೀ

ಹಳೇ ಲಾರಿಯಲ್ಲಿ ಮುರಿದ ಪಾರ್ಟಿಗಿಂತ ಕಾಣೆಯಾದ ಪಾರ್ಟೇ ಹೆಚ್ಚು ಕಾಡುತ್ತದೆ. ಮುರಿದದ್ದು ಎರಡು ತುಂಡಾಗಿಯಾದರೂ ಕೈಯಲ್ಲಿರುತ್ತದೆ. ನಮ್ಮ ಬೆಳಗಾವಿಯ ಉದ್ಯಮಬಾಗದಲ್ಲಿ ಒಳ್ಳೆಯ ಲೇಥ್ ಅಂಗಡಿಗೆ ಒಯ್ದು ಕೊಟ್ಟರೆ ವರ್ನಿಯರ್ ಹಿಡಿದು ಅಳೆದು ಅಂಥದ್ದೇ ಇನ್ನೊಂದು ಮಾಡಿಕೊಡುತ್ತಾರೆ. ಕಾಣೆಯಾದದ್ದು ಬಿಟ್ಟುಹೋಗುವುದು ಬರೇ ಒಂದು ತೂತು. ತೂತನ್ನು ಅಳೆದರೆ ದಪ್ಪ ಗೊತ್ತಾಗುತ್ತದೆ, ಥ್ರೆಡ್ ಗೊತ್ತಾಗುತ್ತದೆ. ಅಲ್ಲಿದ್ದದ್ದು ಏನು ಕೆಲಸ ಮಾಡುತ್ತಿತ್ತು ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ. ಅದನ್ನು ವಿಚಾರಿಸದೇ, ತೂತಿಗೆ ಕೂಡುವ ಯಾವುದೋ ಬೋಲ್ಟ್ ಬಿಗಿದು "ಆತು ನೋಡ್ರಿ, ಚಾಲೂ ಮಾಡ್ರಿ" ಅನ್ನುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದು ತಪ್ಪು ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಹುಕ್ಕೇರಿ ತಾಲೂಕಿನಲ್ಲಿರುವ ನಮ್ಮ ಸೋದರಮಾವನ ಹತ್ತಿರ ಒಂದು ಟಾಟಾ ಮರ್ಸಿಡಿಸ್ ಬೆಂಝ್ ಲಾರಿ ಇದೆ. 1954ರಲ್ಲಿ ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಝ್ ಜೊತೆ ಒಪ್ಪಂದ ಮಾಡಿಕೊಂಡು ಜಮ್ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರು ಮಾಡಿದರು, 1969ರಲ್ಲಿ ಆ ಒಪ್ಪಂದ ಮುಗಿಯಿತು. ಆ ಕಾಲದ ಗಾಡಿ ಇದು. ಒಂದು ಕಾಲಕ್ಕೆ ಸಂಕೇಶ್ವರದ ಬೆಲ್ಲ ಹೊತ್ತು ಕೊಲ್ಹಾಪುರ, ಗೋವಾ ಎಲ್ಲ ಕಂಡಿದೆ. ಈಗ ಬಾಡಿಗೆ ಹೊಡೆಯುವುದಿಲ್ಲ, ಮಾಮಾನ ಹೊಲಕ್ಕೆ ಗೊಬ್ಬರ ಒಯ್ಯುತ್ತದೆ ಅಷ್ಟೇ. ಆದರೆ ಅದು ಓಡುತ್ತಿರಬೇಕು ಅನ್ನುವುದು ಮಾಮಾನ ಹಟ, ನನ್ನದೂ.

ಅದಕ್ಕೆ ಒಂದು ರೋಗ ಹತ್ತಿತ್ತು. ಖಾಲಿ ಇದ್ದಾಗ ಚಲೋ ಓಡುತ್ತದೆ, ಲೋಡ್ ಹಾಕಿ ಏರು ಹತ್ತಿಸಿದರೆ ಉಸಿರು ಬಿಡುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸ್ಟಾರ್ಟ್ ಮಾಡಬೇಕೆಂದರೆ ಮೊದಲು ಹ್ಯಾಂಡ್ ಪಂಪ್ ಹೊಡೆದು ಏರ್ ತೆಗೆಯಬೇಕು. ತೋರಿಸಿದ ಕಡೆಯಲ್ಲೆಲ್ಲ ದೊಡ್ಡ ಮಾತೇ ಬಂತು. ಒಬ್ಬರು ಎಂಜಿನ್ನಿಗೆ ಡೀಸೆಲ್ ಸಿಡಿಸುವ ನೋಝಲ್ ಅಂದರು, ಇನ್ನೊಬ್ಬರು ಆ ನೋಝಲ್ಲಿಗೆ ಡೀಸೆಲ್ ಒತ್ತಿ ಕಳಿಸುವ ಇಂಜೆಕ್ಷನ್ ಪಂಪಿನ ಎಲಿಮೆಂಟು ಹೋಗಿವೆ ಅಂದರು, ಮತ್ತೊಬ್ಬರು ಎಂಜಿನ್ ಇಳಿಸಿ ಬೋರ್ ಮಾಡಿಸಿ ಅಂದರು. ಭಂಗಾರಕ್ಕೆ, ಅಂದರೆ ಗುಜರಿಗೆ, ಹಾಕಿ ಅಂದವರೂ ಇದ್ದರು.

ಕೊನೆಗೆ ನೋಡಿದ್ದು ಆಟೋ ನಗರದ ಒಬ್ಬ ಹಿರಿಯ ಪಂಪ್ ಮಿಸ್ತ್ರಿ. ಅವರು ಪಾನಾ ಮುಟ್ಟಲಿಲ್ಲ. ಇಂಜೆಕ್ಷನ್ ಪಂಪಿನ ತುದಿಯಿಂದ ಟಾಂಕಿಗೆ ವಾಪಸ್ ಹೋಗುವ ಪೈಪ್ ಇದೆಯಲ್ಲ, ಅದನ್ನು ಹಿಡಿದಿದ್ದ ಬೋಲ್ಟನ್ನು ಬೆರಳಿನಿಂದ ತಟ್ಟಿದರು.

"ಇದು ಇದರದಲ್ರೀ ಸಾಹೇಬ್ರ. ಇಲ್ಲಿ ವಾಲ್ವ್ ಇರಬೇಕು. ಯಾರೋ ಬೋಲ್ಟಿಗೆ ತೂತು ಕೊರದು ಹಾಕ್ಯಾರ."

"ನೋಡಾಕ ಎರಡೂ ಒಂದ ಥರಾ ಅದಾವಲ್ಲ ಕಾಕಾ?"

"ಹೊರಗ ಒಂದ. ಒಳಗ ಅದರಾಗ ಸ್ಪ್ರಿಂಗ್ ಐತಿ, ಗುಂಡ ಐತಿ. ಇದರಾಗ ಏನೈತಿ? ಗಾಳಿ ಐತಿ."

ಎಂಜಿನ್ ಚಾಲೂ ಇಟ್ಟು ಆ ವಾಪಸ್ ಪೈಪಿನ ರಬ್ಬರನ್ನು ಸ್ವಲ್ಪವೇ ಒತ್ತಿ ಹಿಡಿದು, ನನಗೆ ಆಕ್ಸಿಲರೇಟರ್ ತುಳಿಯಲು ಹೇಳಿದರು. ಎಂಜಿನ್ನಿನ ದನಿಯೇ ಬದಲಾಯಿತು. ರೋಗ ಸಿಕ್ಕಿತು.

ಆ ಪಾರ್ಟಿನ ಹೆಸರು ಓವರ್‌ಫ್ಲೋ ವಾಲ್ವ್. ಎರಡು ಬೆರಳಲ್ಲಿ ಹಿಡಿಯುವಷ್ಟು ಚಿಕ್ಕದು. ಕೆಲವು ಗಾಡಿಗಳಲ್ಲಿ ಫಿಲ್ಟರ್ ಮೇಲೆ ಇರುತ್ತದೆ, ನಮ್ಮದರಲ್ಲಿ ಪಂಪಿನ ತುದಿಗೆ. ಫೀಡ್ ಪಂಪು ಟಾಂಕಿಯಿಂದ ಡೀಸೆಲ್ ಎಳೆದು, ಫಿಲ್ಟರ್ ದಾಟಿಸಿ, ಇಂಜೆಕ್ಷನ್ ಪಂಪಿನ ಹೊಟ್ಟೆಗೆ ತುಂಬುತ್ತದೆ, ಅದೂ ಎಂಜಿನ್ನಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಆ ಹೆಚ್ಚಿನ ಡೀಸೆಲ್ಲು ಬಿಸಿಯನ್ನೂ ಗಾಳಿಯ ಗುಳ್ಳೆಯನ್ನೂ ಹೊತ್ತುಕೊಂಡು ವಾಪಸ್ ಟಾಂಕಿಗೆ ಹೋಗಬೇಕು. ಆದರೆ ಸುಮ್ಮನೆ ಹರಿದುಹೋಗಬಾರದು. ಈ ವಾಲ್ವಿನ ಸ್ಪ್ರಿಂಗ್ ಅದನ್ನು ತಡೆದು ನಿಲ್ಲಿಸಿ, ಒಳಗೆ ಸಾಮಾನ್ಯವಾಗಿ 1ರಿಂದ 1.5 ಬಾರ್ ಒತ್ತಡ ಹುಟ್ಟಿದ ಮೇಲಷ್ಟೇ ದಾರಿ ಬಿಡುತ್ತದೆ. ಘಟಪ್ರಭೆಯ ಕಾಲುವೆಯಲ್ಲಿ ಗೇಟು ಇಳಿಸಿ ನೀರು ಏರಿಸಿದರೆ ತಾನೇ ಪಕ್ಕದ ಹೊಲಗಾಲುವೆಗೆ ನೀರು ಹತ್ತುವುದು? ಇದೂ ಅದೇ. ಒತ್ತಡ ಇದ್ದರೆ ಪಂಪಿನೊಳಗೆ ಡೀಸೆಲ್ ಒತ್ತುವ ದಂಡ, ಅಂದರೆ ಪ್ಲಂಜರ್, ಕೆಳಗಿಳಿದಾಗ ಅದು ಓಡಾಡುವ ಕೊಳವೆ, ಅಂದರೆ ಬ್ಯಾರಲ್, ಪೂರ್ತಿ ತುಂಬುತ್ತದೆ. ಇಲ್ಲದಿದ್ದರೆ ಅರೆಬರೆ ತುಂಬುತ್ತದೆ, ಅದರಲ್ಲೂ ಎಂಜಿನ್ ಜೋರು ತಿರುಗುವಾಗ, ಲೋಡ್ ಬಿದ್ದಾಗ. ನೋಝಲ್ ನೂರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಸಿಡಿಸಲು ಸಿದ್ಧವಿದ್ದರೂ, ಹಿಂದಿನಿಂದ ಡೀಸೆಲ್ಲೇ ಸಾಕಷ್ಟು ಬರದಿದ್ದರೆ ಏನು ಸಿಡಿಸಬೇಕು? ಗಾಡಿ ನಿಂತಾಗ ಡೀಸೆಲ್ಲು ಅದೇ ದಾರಿಯಿಂದ ಇಳಿದುಹೋಗಿ ಜಾಗದಲ್ಲಿ ಗಾಳಿ ಕೂರುತ್ತದೆ. ಬೆಳಗಿನ ಹ್ಯಾಂಡ್ ಪಂಪಿನ ಕಾಟಕ್ಕೆ ಮೂಲ ಅದೇ.

ಇನ್ನೊಂದು ಅನಾಹುತ ಬಿಚ್ಚಿದ ಮೇಲೆ ಕಂಡಿತು. ತೂತಿನ ಥ್ರೆಡ್ 14 ಮಿ.ಮೀ., 1.5 ಪಿಚ್, ಅಂದರೆ ಸುತ್ತಿನಿಂದ ಸುತ್ತಿಗೆ 1.5 ಮಿ.ಮೀ. ಹಾಕಿದ್ದ ಬೋಲ್ಟು 9/16 ಇಂಚಿನದು, ಬ್ರಿಟಿಷ್ ಫೈನ್ ಥ್ರೆಡ್. 9/16 ಇಂಚು ಅಂದರೆ 14.29 ಮಿ.ಮೀ. ಅದರಲ್ಲಿ ಇಂಚಿಗೆ 16 ಸುತ್ತು, ನಮ್ಮ ತೂತಿನಲ್ಲಿ ಲೆಕ್ಕ ಹಾಕಿದರೆ ಇಂಚಿಗೆ ಸುಮಾರು 17. ಥ್ರೆಡ್ಡಿನ ಕೋನವೂ ಬೇರೆ, ಬ್ರಿಟಿಷರದ್ದು 55 ಡಿಗ್ರಿ, ಮೆಟ್ರಿಕ್ ಆದರೆ 60. ಕೈಯಲ್ಲಿ ಒಂದು ಸುತ್ತು ಹಿಡಿದಂತೆ ಮಾಡಿ ಬಿಗಿಯಾಗುತ್ತದೆ. ಆಮೇಲೆ ಪಾನಾಕ್ಕೆ ಪೈಪ್ ಹಾಕಿ ಎಳೆದರೆ ಮೆತ್ತನೆಯ ಅಲ್ಯೂಮಿನಿಯಂ ಬಾಡಿ ಕೊರೆದುಹೋಗುತ್ತದೆ. ಲೇಲ್ಯಾಂಡ್, ಬೆಡ್‌ಫೋರ್ಡ್ ಕಾಲದ ಇಂಚಿನ ಬೋಲ್ಟೂ ಟಾಟಾದ ಮೆಟ್ರಿಕ್ ಬೋಲ್ಟೂ ಒಂದೇ ಡಬ್ಬಾದಲ್ಲಿ ಬಿದ್ದಿರುವ ಗ್ಯಾರೇಜು ನಮ್ಮ ಕಡೆ ಬೇಕಾದಷ್ಟಿವೆ. ಥ್ರೆಡ್ ಗೇಜ್ ಒಂದು ಸಣ್ಣ ಸಾಮಾನು, ಹಿಡಿದು ನೋಡಲು ಅರ್ಧ ನಿಮಿಷ ಸಾಕು. ಅದನ್ನು ಬಳಸದೆ ಪಂಪಿನ ಬಾಡಿ ಕೆಡಿಸುವವರ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ.

ರಿಪೇರಿ ಮಾಡಿದ ರೀತಿಯನ್ನೂ ಹೇಳಬೇಕು. ಮಿಸ್ತ್ರಿ ಕಾಕಾ ಪಂಪನ್ನು ಗಾಡಿಯ ಮೇಲಿಟ್ಟು ಥ್ರೆಡ್ ಸರಿಮಾಡಲು ಒಪ್ಪಲಿಲ್ಲ. ಥ್ರೆಡ್ ಕೊರೆಯುವ ಟ್ಯಾಪ್ ಹಾಕಿದರೆ ಅಲ್ಯೂಮಿನಿಯಂ ಚೂರು ಉದುರುತ್ತದೆ, ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ಕೆಲವೇ ಮೈಕ್ರಾನ್. ಒಂದು ಚೂರು ಹೊಕ್ಕರೂ ಪಂಪು ಸತ್ತ ಹಾಗೆ. ಇಳಿಸಿ, ಟ್ಯಾಪಿಗೆ ಗ್ರೀಸ್ ಮೆತ್ತಿ ಮೆಲ್ಲಗೆ ತಿರುಗಿಸಿ, ಒಳಗೆಲ್ಲ ತೊಳೆದರು. ಪುಣ್ಯಕ್ಕೆ ಒಳಗಿನ ಸುತ್ತುಗಳು ಉಳಿದಿದ್ದವು. ಹೊಸ ವಾಲ್ವು ಪಂಪಿನ ಸಾಮಾನಿನ ಅಂಗಡಿಯಲ್ಲೇ ಸಿಕ್ಕಿತು, ಈ ಬಗೆಯ ಪಂಪು ಎಷ್ಟೋ ಗಾಡಿಗಳಲ್ಲಿ ಇದೆಯಲ್ಲ. ಆದರೆ ನೋಡಲು ಒಂದೇ ತರಹದ ವಾಲ್ವುಗಳು ಬೇರೆ ಬೇರೆ ಒತ್ತಡಕ್ಕೆ ತೆರೆಯುತ್ತವೆ. ಕಾಕಾ ಗೇಜಿಗೆ ಕಟ್ಟಿ ಹ್ಯಾಂಡ್ ಪಂಪ್ ಹೊಡೆದು, ಎಷ್ಟಕ್ಕೆ ಬಿಡುತ್ತದೆ ನೋಡಿ, ಆಮೇಲೇ ಕೂರಿಸಿದರು. ತಾಮ್ರದ ವಾಶರ್ ಹಳೆಯದೇ. ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಉಕ್ಕಾಗಿದ್ದರೆ ಹಾಗೆ ಮಾಡಿದಾಗ ಗಟ್ಟಿಯಾಗುತ್ತಿತ್ತು, ತಾಮ್ರ ಕಾಯಿಸಿದರೆ ಮೆತ್ತಗಾಗುತ್ತದೆ, ಸೋರದಂತೆ ಕೂರುತ್ತದೆ. ನೋಝಲ್ ಮುಟ್ಟಲಿಲ್ಲ, ಎಂಜಿನ್ ಇಳಿಸಲಿಲ್ಲ. ಮಾಮಾನ ಲಾರಿ ಈಗ ಗೊಬ್ಬರ ತುಂಬಿಕೊಂಡು ಮೂರನೇ ಗೇರಿನಲ್ಲಿ ಏರು ಹತ್ತುತ್ತಿದೆ.

ನನ್ನ ಚಿಂತೆ ಇಂಥ ಕಾಕಾಗಳ ಬಗ್ಗೆಯೇ. 2020ರ ಏಪ್ರಿಲ್‌ನಿಂದ ಹೊಗೆ ಕಡಿಮೆ ಮಾಡುವ ಬಿಎಸ್ 6 ನಿಯಮ ಬಂದ ಮೇಲೆ ಹೊಸ ಲಾರಿಗಳಲ್ಲಿ ಈ ಹಳೇ ಪಂಪಿಗೆ ಜಾಗವಿಲ್ಲ, ಎಲ್ಲ ಕಾಮನ್ ರೇಲ್ (ಕಂಪ್ಯೂಟರ್ ಹತೋಟಿಯಲ್ಲಿ ಡೀಸೆಲ್ ಸಿಡಿಸುವ ವ್ಯವಸ್ಥೆ), ಸೆನ್ಸರ್, ಲ್ಯಾಪ್‌ಟಾಪ್. ಹುಡುಗರು ಅದನ್ನು ಕಲಿಯುತ್ತಿದ್ದಾರೆ, ಕಲಿಯಲೇಬೇಕು. ಆದರೆ ಬೆರಳಿನಿಂದ ತಟ್ಟಿ "ಇದು ಇದರದಲ್ಲ" ಅನ್ನುವವರು ಕೆಲಸ ಬಿಟ್ಟು ಮನೆ ಸೇರುತ್ತಿದ್ದಾರೆ. ಸರಕಾರದ ಕಣ್ಣಿಗೂ ಲಾರಿ ಬಿದ್ದಿಲ್ಲ. 2021ರಲ್ಲಿ ಕೇಂದ್ರ ತಂದ ವಿಂಟೇಜ್ ನೋಂದಣಿ ನಿಯಮ 50 ವರ್ಷ ದಾಟಿದ ಬೈಕು, ಕಾರುಗಳಿಗೆ. ಈ ಭಾಗದ ಬೆಲ್ಲ, ಹತ್ತಿ, ಹಂಚು ಹೊತ್ತ ಲಾರಿಗೆ ಆ ಮರ್ಯಾದೆ ಇಲ್ಲ. ಕೊಡಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಲ್ಲಿಯವರೆಗೆ ನಮ್ಮ ಕೈಲಾದ್ದು ಒಂದಿದೆ. ಕಾಣೆಯಾದ ಪಾರ್ಟಿನ ಗುರುತು ಉಳಿಯುವುದು ಹಳೇ ಪಾರ್ಟ್ಸ್ ಪುಸ್ತಕಗಳಲ್ಲಿ. ಎಣ್ಣೆ ಹತ್ತಿ ಕಪ್ಪಾದ, ಪ್ರತಿ ಬೋಲ್ಟಿನ ಚಿತ್ರಕ್ಕೂ ನಂಬರ್ ಇರುವ ಆ ಪುಸ್ತಕಗಳನ್ನು ಗ್ಯಾರೇಜ್ ಮುಚ್ಚುವಾಗ ರದ್ದಿಗೆ ಹಾಕಬೇಡಿ. ಅಪ್ಪನೋ ಅಜ್ಜನೋ ಲಾರಿ ಇಟ್ಟಿದ್ದವರು ಅಟ್ಟದ ಮೇಲೆ ನೋಡಿ. ಟಾಟಾ ಮರ್ಸಿಡಿಸ್, ಬೆಡ್‌ಫೋರ್ಡ್, ಫಾರ್ಗೋ, ಲೇಲ್ಯಾಂಡ್ ಕಾಮೆಟ್, ಯಾವುದರದ್ದಾದರೂ ಸರಿ, ಪುಟ ಹರಿದಿದ್ದರೂ ಸರಿ. ನನಗೆ ಮೆಸೇಜ್ ಮಾಡಿ, ಬೆಳಗಾವಿ ಸುತ್ತಮುತ್ತ ಎಲ್ಲಿದ್ದರೂ ಬಂದು ಪುಟಪುಟ ಫೋಟೋ ತೆಗೆದುಕೊಂಡು, ಪುಸ್ತಕವನ್ನು ನಿಮ್ಮ ಕೈಗೇ ವಾಪಸ್ ಕೊಟ್ಟು ಹೋಗುತ್ತೇನೆ.