ತುಂಬಿದ ಟ್ಯಾಂಕ್ ತುಳುಕಿದ್ದು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಪೇಟೆ ಎಸ್.ಪಿ. ರೋಡಿನಲ್ಲಿ ಅಂಗಡಿಗೆ ಹೋಗಿ "ಒಂದು ವೈರ್‌ಲೆಸ್ ಚಿಪ್ ಕೊಡಿ" ಅನ್ನೋದು, ಹೋಟೆಲಿನಲ್ಲಿ ಕೂತು "ಒಂದು ತಿಂಡಿ ಕೊಡಿ" ಅಂದ ಹಾಗೆ. ಕೌಂಟರಿನ ಹುಡುಗ ತಲೆ ಎತ್ತದೆ ಒಂದೇ ಉಸಿರಿಗೆ ಹೇಳಿಬಿಟ್ಟ: "ಫೋರ್ ಥರ್ಟಿ ತ್ರೀನಾ, ಎನ್‌ಆರ್‌ಎಫ್ಫಾ, ಎಚ್‌ಸಿ ಜೀರೋ ಫೈವಾ, ಇಎಸ್‌ಪಿನಾ, ಲೋರಾನಾ?" ಎಲ್ಲವೂ ತಂತಿಯಿಲ್ಲದೆ ಸುದ್ದಿ ಮುಟ್ಟಿಸುವ ಬಗೆಬಗೆಯ ಸಾಮಾನುಗಳ ಹೆಸರು. ಹಿಂದೆ ನಿಂತಿದ್ದ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಗಡಿಯಾರ ನೋಡಿಕೊಂಡರು. ನಾಳೆ ಪ್ರಾಜೆಕ್ಟ್ ಸಬ್‌ಮಿಷನ್ ಅಂತ ಅವರ ಮುಖದಲ್ಲೇ ಬರೆದಿತ್ತು.

ನನಗೆ ಬೇಕಿದ್ದದ್ದು ಇಷ್ಟೇ: ಟೆರೇಸಿನ ಟ್ಯಾಂಕ್ ತುಂಬಿದರೆ ಅಡುಗೆಮನೆಗೆ ಸುದ್ದಿ ಮುಟ್ಟಬೇಕು.

ಸುದ್ದಿ ಮುಟ್ಟಿಸುವ ವ್ಯವಸ್ಥೆ ಮನೆಯಲ್ಲಿ ಇರಲಿಲ್ಲ ಅಂತಲ್ಲ. ಟ್ಯಾಂಕ್ ತುಂಬಿದರೆ ಓವರ್‌ಫ್ಲೋ ಪೈಪಿನ ನೀರು ಪಕ್ಕದ ಮನೆಯ ತಗಡಿನ ಶೀಟ್ ಮೇಲೆ ಬೀಳುತ್ತದೆ, ಆಂಟಿ ಕಿಟಕಿಗೆ ಬಂದು "ರೀ... ಮೋಟರ್!" ಅನ್ನುತ್ತಾರೆ. ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ, ನಾಲ್ಕು ಮನೆ ಆಚೆಗೂ ಸ್ಪಷ್ಟ ಪ್ರಸಾರ. "ಅವರು ಊರಿಗೆ ಹೋದಾಗ?" ಅಂತ ನಾನು ಹೆಂಡತಿಯನ್ನು ಕೇಳಿದೆ. "ಅವರು ಊರಿಗೆ ಹೋದ್ರೆ ಶೀಟ್ ಮೇಲೆ ನೀರು ಬಿದ್ದರೆ ಯಾರಿಗೇನು ತೊಂದರೆ?" ಅಂದಳು. ತರ್ಕಕ್ಕೆ ಬಗ್ಗುವ ಹವ್ಯಾಸವಾಗಿದ್ದರೆ ಎಸ್.ಪಿ. ರೋಡ್ ಎಂದೋ ಮುಚ್ಚಿಹೋಗುತ್ತಿತ್ತು.

ಎಲ್ಲಕ್ಕಿಂತ ಅಗ್ಗ 433 ಮೆಗಾಹರ್ಟ್ಸ್‌ನ ಜೋಡಿ. ಒಂದು ಕೂಗುತ್ತದೆ, ಇನ್ನೊಂದು ಕೇಳುತ್ತದೆ. ಕೇಳಿಸಿತೋ ಇಲ್ಲವೋ ಅಂತ ಕೂಗಿದವನಿಗೆ ತಿಳಿಯುವುದಿಲ್ಲ. ಎನ್‌ಆರ್‌ಎಫ್24 ಹಾಗಲ್ಲ, ನಾರ್ವೆಯ ನಾರ್ಡಿಕ್ ಕಂಪನಿಯ ವಿನ್ಯಾಸ, ಮುಟ್ಟಿತು ಅಂತ ಮರುತ್ತರ ತರಿಸಿಕೊಳ್ಳುತ್ತದೆ. ಮನೆಗೆ ಬಂದದ್ದು ಅದರ ಉದ್ದ ಆಂಟೆನಾದ ಮಾದರಿ. ಅದು ಗಟ್ಟಿಯಾಗಿ ಮಾತಾಡಲು ನೂರಕ್ಕೂ ಹೆಚ್ಚು ಮಿಲಿಆಂಪ್ ಕೇಳುತ್ತದೆ, ಅದನ್ನು ನಡೆಸುವ ಪುಟ್ಟ ಕಂಪ್ಯೂಟರ್ ಹಲಗೆ ಆರ್ಡುಯಿನೋ ಉನೋ ತನ್ನ 3.3 ವೋಲ್ಟ್ ಪಿನ್ನಿನಿಂದ ಕೊಡುವುದು 50. ಮೇಜಿನ ಮೇಲೆ ಚೆನ್ನಾಗಿ ಮಾತಾಡಿ, ಪಕ್ಕದ ಕೋಣೆಗೆ ಒಯ್ದರೆ ಮೂಕ. ಪಿನ್ನಿಗೆ ಅಡ್ಡಲಾಗಿ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಬೆಸುಗೆ ಹಾಕಿದರೆ ಬಾಯಿ ಬರುತ್ತದೆ ಅಂತಾರೆ. ಬಂತು, ಅರ್ಧ ಬಾಯಿ. ಅಂದಿನಿಂದ ನನ್ನದೊಂದು ಸಿದ್ಧಾಂತ: ರೇಡಿಯೋ ಸರಿಯಿಲ್ಲ ಅನ್ನುವ ದೂರುಗಳಲ್ಲಿ ಬಹುಪಾಲು ಕರೆಂಟಿನ ದೂರುಗಳೇ. ಆದರೂ ಎಲ್ಲರೂ ಮೊದಲು ಬೈಯುವುದು ಆಂಟೆನಾವನ್ನು, ಆಮೇಲೆ ಕೋಡನ್ನು. ಅಡಾಪ್ಟರನ್ನು ಬೈಯುವವರು ಅಪರೂಪ.

ಹಾಗಾಗಿ ಡ್ರಾಯರಿನಿಂದ ಇಎಸ್‌ಪಿ-01 ಹೊರಬಂತು. 2014ರಲ್ಲಿ ಹವ್ಯಾಸಿಗಳ ಲೋಕದಲ್ಲಿ ಗದ್ದಲ ಎಬ್ಬಿಸಿದ ಹೆಬ್ಬೆರಳುದ್ದದ ಹಲಗೆ ಇದು. ಶಾಂಘೈನ ಎಸ್ಪ್ರೆಸಿಫ್‌ನವರ ಇಎಸ್‌ಪಿ8266 ಚಿಪ್ ಇದರ ಜೀವ. ಜುಜುಬಿ ಬೆಲೆಗೆ ವೈಫೈ ಸಿಗುತ್ತದೆ ಅಂತ ಜನ ಮುಗಿಬಿದ್ದು ಕೊಂಡರು, ಕೊಂಡ ಮೇಲೆ ನೋಡಿದರೆ ಕೈಪಿಡಿ ಪೂರ್ತಿ ಚೀನೀ ಭಾಷೆಯಲ್ಲಿ. ಜಗತ್ತಿನ ಹವ್ಯಾಸಿಗಳೆಲ್ಲ ಕೂತು ಅದನ್ನು ಬಿಡಿಸಿದರು. ಕೈಪಿಡಿ ಬಿಡಿಸಿದರೂ ಬಿಡಿಸಲಾಗದ ಒಗಟು ಅದರ ಕಾಲುಗಳದ್ದು. ನಾಲ್ಕರಂತೆ ಎರಡು ಸಾಲು, ಎಷ್ಟು ಒತ್ತೊತ್ತಾಗಿವೆ ಅಂದರೆ ಬೆಸುಗೆಯಿಲ್ಲದೆ ಜೋಡಿಸುವ ತೂತುಗಳ ಹಲಗೆ ಬ್ರೆಡ್‌ಬೋರ್ಡಿಗೆ ಚುಚ್ಚಿದರೆ ಎದುರುಬದುರಿನ ಕಾಲುಗಳು ತಾವೇ ಶಾರ್ಟ್ ಆಗುತ್ತವೆ. ಕಲಿಯುವವರಿಗಾಗಿ ಇರುವ ಬ್ರೆಡ್‌ಬೋರ್ಡಿನ ಮೇಲೆ ಕೂರಲಾರದ, ಕಲಿಯುವವರೇ ಕೊಳ್ಳುವ ಹಲಗೆ! ಎಲ್ಲವನ್ನೂ ವೈರಿನಲ್ಲೇ ಎಳೆಯಬೇಕು. ಪ್ರೋಗ್ರಾಂ ತುಂಬಲು ಜಿಪಿಐಒ ಸೊನ್ನೆ ಅನ್ನುವ ಕಾಲನ್ನು ಗ್ರೌಂಡಿಗೆ ಹಿಡಿದು ರೀಸೆಟ್ ಕೊಡಬೇಕು, ಅದಕ್ಕೆ ಕಂಪ್ಯೂಟರ್ ಮೇಲಿರುವ ಎರಡು ಕೈ ಸಾಲದು. ಮಗಳನ್ನು ಕರೆದೆ. ಅವಳು ವೈರ್ ಹಿಡಿದು "ಅಪ್ಪಾ, ಬಿಡ್ಲಾ? ಬಿಡ್ಲಾ?" ಅಂತ ಕೇಳುತ್ತಲೇ ಬಿಟ್ಟಳು.

ಆನ್ ಆದ ಕೂಡಲೆ ಪರದೆಯ ಮೇಲೆ ಅದು ಏನೋ ಬರೆಯಿತು. ಪ್ರಶ್ನಾರ್ಥಕ ಚಿಹ್ನೆ, ಚೌಕ, ಮುರಿದ ಅಕ್ಷರ, ಮತ್ತೆ ಚೌಕ. ಅದಕ್ಕೆ ಭೂತ ಹಿಡಿದಿರಲಿಲ್ಲ. ಒಳಗಿನ ಬೂಟ್ ಪ್ರೋಗ್ರಾಂ ಹಲಗೆಯ ಮೇಲೆ ತಾಳ ಹಾಕಲು 40 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ ಅಂದುಕೊಂಡಿರುತ್ತದೆ, ಇರುವುದು 26ರದ್ದು. ಹಾಗಾಗಿ ಸೆಕೆಂಡಿಗೆ 115200 ಬಿಟ್‌ನಲ್ಲಿ ಹೇಳಬೇಕಾದ್ದನ್ನು 74880ರ ವೇಗದಲ್ಲಿ ರಾಗ ಎಳೆದು ಹೇಳುತ್ತದೆ. ಆ ವೇಗಕ್ಕೆ ಕಿವಿ ಹೊಂದಿಸಿದರೆ ಅಚ್ಚುಕಟ್ಟಾದ ವಾಕ್ಯ. ಹೊಂದಿಸಿ ಓದಿದೆ. ತಾನು ಏಕೆ ರೀಸೆಟ್ ಆದೆ ಅಂತ ವಿವರಿಸುತ್ತಿತ್ತು. ವಿವರಿಸಿ ಮತ್ತೆ ರೀಸೆಟ್ ಆಯಿತು. ಅದಕ್ಕೆ ಕರೆಂಟ್ ಕೊಡುತ್ತಿದ್ದದ್ದು ಯುಎಸ್‌ಬಿ ಅಡಾಪ್ಟರಿನ 3.3 ವೋಲ್ಟ್ ಪಿನ್, ಅದೂ 50 ಮಿಲಿಆಂಪಿನ ಬಡಪಾಯಿ. ವೈಫೈ ಎದ್ದು ನಿಲ್ಲುವ ಆ ಕ್ಷಣಕ್ಕೆ ಅದರ ಐದಾರು ಪಟ್ಟು ಬೇಕು.

ಕೊನೆಗೆ ಅದೇ ಕಂಪನಿಯ ಇಎಸ್‌ಪಿ32 ತರಲು ಹೊರಟೆ. 2016ರಲ್ಲಿ ಬಂದದ್ದು, ಎರಡು ಕೋರ್, 240 ಮೆಗಾಹರ್ಟ್ಸ್, ವೈಫೈ, ಬ್ಲೂಟೂತ್ ಎರಡೂ ಇದೆ. ಆಯ್ಕೆ ಮುಗಿಯಿತು ಅಂದುಕೊಂಡರೆ ಕೌಂಟರಿನ ಹುಡುಗ ಮತ್ತೆ ಶುರುಮಾಡಿದ: ಎಸ್2, ಎಸ್3, ಸಿ3, ಎಚ್2. ಎಸ್2ಗೆ ಬ್ಲೂಟೂತೇ ಇಲ್ಲ. ಸಿ3ಗೆ ಬ್ಲೂಟೂತ್ ಇದೆ, ಆದರೆ ಹಳೇ ಶೈಲಿಯದ್ದಲ್ಲ. ಎಚ್2ಗೆ ವೈಫೈಯೇ ಇಲ್ಲ! ಇಎಸ್‌ಪಿ ಅಂದರೆ ವೈಫೈ ಅಂತ ನಂಬಿದ ಜನರಿಗೆ ಇಂಥದ್ದೊಂದನ್ನು ಮಾಡಿ ಮಾರುವ ಧೈರ್ಯವನ್ನು ಮೆಚ್ಚಬೇಕು. ನಾನು ಮೂಲ 32ಕ್ಕೇ ಅಂಟಿಕೊಂಡೆ.

ಅದರ ಕಾಲುಗಳಿಗೂ ಒಂದೊಂದು ಮಡಿ. 34ರಿಂದ 39 ಕೇಳಿಸಿಕೊಳ್ಳುತ್ತವೆ, ಮಾತಾಡುವುದಿಲ್ಲ. 6ರಿಂದ 11 ಫ್ಲ್ಯಾಶ್ ಮೆಮರಿಯ ಸ್ವಂತ ಆಸ್ತಿ. ವೋಲ್ಟೇಜ್ ಅಳೆಯುವ ಎಡಿಸಿ2ರ ಪಿನ್ನುಗಳು ವೈಫೈ ಆನ್ ಆದರೆ ಅಳತೆ ನಿಲ್ಲಿಸುತ್ತವೆ. 12ನೇ ಪಿನ್ನಿಗೆ ಬೂಟ್ ಹೊತ್ತಿನಲ್ಲಿ ವೋಲ್ಟೇಜ್ ತಗುಲಿದರೆ ಚಿಪ್ ಏಳುವುದೇ ಇಲ್ಲ. ಇನ್ನು ಪ್ರೋಗ್ರಾಂ ಹಾಕುವಾಗ "ಕನೆಕ್ಟಿಂಗ್" ಅಂತ ಬರೆದು ಚುಕ್ಕಿ ಇಡುತ್ತಾ ಹೋಗುತ್ತದೆ. ಚುಕ್ಕಿ, ಚುಕ್ಕಿ, ಗೆರೆ, ಮತ್ತೆ ಚುಕ್ಕಿ. ರಂಗೋಲಿ ಮುಗಿಯುವುದರೊಳಗೆ ಬೂಟ್ ಬಟನ್ ಅದುಮಿ ಹಿಡಿದರೆ ಬಚಾವ್. ಅದಕ್ಕೂ ಮುಂಚೆ ಪೋರ್ಟೇ ಕಾಣಿಸದೆ ಅರ್ಧ ಭಾನುವಾರ ಹೋಗಿತ್ತು. ಕೇಬಲ್ ಯಾವುದೋ ಪವರ್ ಬ್ಯಾಂಕ್ ಜೊತೆ ಬಂದದ್ದು, ಅದರೊಳಗೆ ಡೇಟಾ ತಂತಿಗಳೇ ಇರಲಿಲ್ಲ. ಹೊರಗಿನಿಂದ ನೋಡಿ ಇದನ್ನು ಹೇಳಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ.

ಅಂತೂ ಡಬ್ಬಿ ಟೆರೇಸ್ ಏರಿತು. ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ, ನೀರು ಸೋಕದ ಅಲ್ಟ್ರಾಸಾನಿಕ್ ಸೆನ್ಸರನ್ನು ಟ್ಯಾಂಕಿನ ಮುಚ್ಚಳಕ್ಕೆ ಕೊರೆದು ಕೂರಿಸಿದೆ. ಒಂದಿಷ್ಟು ಹೊತ್ತು "ಬ್ರೌನ್‌ಔಟ್", ಅಂದರೆ ಕರೆಂಟ್ ಸಾಲದು, ಅಂತ ಅತ್ತು ಅತ್ತು ರೀಸೆಟ್ ಆದದ್ದು ದಪ್ಪ ಕೇಬಲ್ ಹಾಕಿದ ಮೇಲೆ ನಿಂತಿತು. ಖಾಲಿ ಟ್ಯಾಂಕ್: ಮೊಬೈಲಿನಲ್ಲಿ ಶೇಕಡಾ 8. ಮೋಟರ್ ಹಾಕಿದೆ. 30, 50, 70. ಮನೆಮಂದಿ ಎಲ್ಲ ಮೊಬೈಲ್ ಸುತ್ತ. ಅಮ್ಮ ಕನ್ನಡಕ ತಂದರು. 84 ಆಯಿತು, ಆಮೇಲೆ 61, ಆಮೇಲೆ 84, ಆಮೇಲೆ "ಆಫ್‌ಲೈನ್".

ಆ ಸೆನ್ಸರಿಗೆ ಮೂಗಿನ ಕೆಳಗಿನ 20-25 ಸೆಂಟಿಮೀಟರ್ ಕಾಣಿಸುವುದಿಲ್ಲ, ಅದರ ಜಾಯಮಾನವೇ ಅಷ್ಟು. ಅಂದರೆ ಟ್ಯಾಂಕ್ ತುಂಬುವ ಹೊತ್ತಿಗೆ ಸರಿಯಾಗಿ ಕುರುಡು. ಡಬ್ಬಿ ಇದ್ದದ್ದು ಟ್ಯಾಂಕಿನ ಆಚೆ ಬದಿಗೆ, ರೂಟರ್ ಈಚೆ ಬದಿಯ ಕೆಳಮನೆಯಲ್ಲಿ. 2.4 ಗಿಗಾಹರ್ಟ್ಸ್‌ನ ಅಲೆಯನ್ನು ನೀರು ಚೆನ್ನಾಗಿ ಹೀರುತ್ತದೆ, ಮೈಕ್ರೋವೇವ್ ಒಲೆ ಸಾರು ಬಿಸಿ ಮಾಡುವುದೂ ಹೆಚ್ಚುಕಡಿಮೆ ಇದೇ ಅಲೆಯಲ್ಲಿ. ಖಾಲಿ ಪ್ಲಾಸ್ಟಿಕ್ ಟ್ಯಾಂಕನ್ನು ದಾಟಿ ಬರುತ್ತಿದ್ದ ಸಿಗ್ನಲ್‌ಗೆ ಈಗ ಸಾವಿರ ಲೀಟರ್ ನೀರು ಅಡ್ಡ. ಟ್ಯಾಂಕ್ ಖಾಲಿ ಇದೆ ಅಂತ ಸ್ಫುಟವಾಗಿ ಹೇಳಿ, ತುಂಬಿದ ಕ್ಷಣ ಕಣ್ಣು, ಬಾಯಿ ಎರಡನ್ನೂ ಮುಚ್ಚಿಕೊಳ್ಳುವ ಯಂತ್ರ ತಯಾರಾಗಿತ್ತು. ನಾವೆಲ್ಲ "ಆಫ್‌ಲೈನ್" ಅನ್ನೇ ದಿಟ್ಟಿಸುತ್ತಿರುವಾಗ ಕಿಟಕಿಯಿಂದ ಕೇಳಿಸಿತು: "ರೀ... ಮೋಟರ್!"

ಈಗ ಅಲ್ಲೊಂದು ಫ್ಲೋಟ್ ಸ್ವಿಚ್ ನೇತಾಡುತ್ತಿದೆ, ತೇಲಿದರೆ ಮೋಟರ್ ಆಫ್. ಚಿಪ್ಪೇ ಇಲ್ಲ. ಇಎಸ್‌ಪಿ32 ಮಾತ್ರ ಸುಮ್ಮನೆ ಕೂರಬಾರದಲ್ಲ, ಹಾಗಾಗಿ ತೀರ್ಥಹಳ್ಳಿ ಹತ್ತಿರದ ಮಾವನ ಅಡಿಕೆ ತೋಟಕ್ಕೆ ಕಣ್ಣು ಹಾಕಿದೆ. ಪಂಪು ಇಳಿಜಾರಿನ ಕೆಳಗೆ ಹಳ್ಳದ ದಡದಲ್ಲಿ, ಮನೆ ಮೇಲೆ, ನಡುವೆ ಮೊಬೈಲ್ ನೆಟ್‌ವರ್ಕ್ ಇಲ್ಲ. ಇಎಸ್‌ಪಿ32ಕ್ಕೆ ಜೋಡಿಸುವ ಲೋರಾ ರೇಡಿಯೋ ಹುಟ್ಟಿದ್ದೇ ಇಂಥ ಜಾಗಕ್ಕೆ! ಲೈಸೆನ್ಸ್ ಬೇಡದ 865 ಮೆಗಾಹರ್ಟ್ಸ್ ಆಸುಪಾಸಿನ ಪಟ್ಟಿ, ಕಡಿಮೆ ಕರೆಂಟ್, ಕಿಲೋಮೀಟರ್‌ಗಟ್ಟಲೆ ದೂರ. ಆಂಟೆನಾ ಸಿಕ್ಕಿಸದೆ ಮಾತ್ರ ಆನ್ ಮಾಡಬಾರದು, ಚಿಪ್ ಸುಟ್ಟರೂ ಸುಟ್ಟೀತು. ಇಷ್ಟನ್ನೂ ಜಗಲಿಯಲ್ಲಿ ಕೂತು ವಿವರಿಸಿದೆ.

ಮಾವ ಕವಳ ಜಗಿಯುತ್ತಾ ಕೇಳಿಸಿಕೊಂಡರು. "ನೋಡು, ಆ ಗೋಡೆ ಮೇಲೆ ಮೂರು ಲೈಟ್ ಇದಾವಲ್ಲ, ಮೂರೂ ಉರಿದ್ರೆ ತ್ರೀ ಫೇಸ್ ಬಂತು ಅಂತ. ತ್ರೀ ಫೇಸ್ ಬಂದ್ರೆ ಆಟೋ ಸ್ಟಾರ್ಟರ್ ಮೋಟರ್ ಎತ್ತತ್ತೆ. ನಿನ್ನ ಲೋರಾ ಇದಕ್ಕಿಂತ ಹೆಚ್ಚಿಗೆ ಏನು ಹೇಳತ್ತೆ?"

"ಹಳ್ಳದಲ್ಲಿ ನೀರಿದೆಯೋ ಇಲ್ಲವೋ ಹೇಳತ್ತೆ ಮಾವ."

"ಏಪ್ರಿಲ್ಲಲ್ಲಿ ಇರಲ್ಲ, ಜುಲೈನಲ್ಲಿ ಇರತ್ತೆ. ಊಟಕ್ಕೆ ಏಳು."