ತಿಮಿಂಗಿಲ ನೋಡಲು ದಡ ಸಾಲದೇ?

ಪ್ರಶ್ನೆ ಇಷ್ಟೇ: ಪ್ರವಾಸಿ ದೋಣಿಗಳನ್ನು ನಿಲ್ಲಿಸಿ, ತಿಮಿಂಗಿಲ ವೀಕ್ಷಣೆಯನ್ನು ಕಡಲತೀರದ ಉದ್ಯಾನಗಳಿಗೆ ಸೀಮಿತಗೊಳಿಸಬೇಕೇ?

ಪರ: ನೋಡುವವರು ದಡದಲ್ಲೇ ನಿಲ್ಲಲಿ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪದ ಪಶ್ಚಿಮ ಅಂಚಿನಲ್ಲಿ ಲೈಮ್ ಕಿಲ್ನ್ ಪಾಯಿಂಟ್ ಎಂಬ ರಾಜ್ಯ ಉದ್ಯಾನವಿದೆ. 1919ರಲ್ಲಿ ಕಟ್ಟಿದ ದೀಪಸ್ತಂಭ, ಅದರ ಮುಂದೆ ಬೋಳು ಬಂಡೆ, ಬಂಡೆಯ ಬುಡದಲ್ಲಿ ಹಾರೋ ಜಲಸಂಧಿ. ಇಲ್ಲಿ ಕಡಲ ತಳ ದಡದಿಂದಲೇ ಕಡಿದಾಗಿ ಇಳಿಯುತ್ತದೆ. ಹಾಗಾಗಿ ಓರ್ಕಾಗಳು, ಅಂದರೆ 'ಕೊಲೆಗಾರ ತಿಮಿಂಗಿಲ' ಎಂದೂ ಕರೆಯುವ ಕಪ್ಪು-ಬಿಳುಪು ಪ್ರಾಣಿಗಳು, ದಡಕ್ಕೆ ತೀರಾ ಸಮೀಪದಲ್ಲೇ ಈಜಿಕೊಂಡು ಹೋಗಬಲ್ಲವು. ಗಂಡು ಓರ್ಕಾದ ಬೆನ್ನುರೆಕ್ಕೆ 1.8 ಮೀಟರ್‌ವರೆಗೆ ಬೆಳೆಯುತ್ತದೆ, ಅಂದರೆ ಆಳೆತ್ತರ. ಅಂಥದ್ದೊಂದು ರೆಕ್ಕೆ ನೀರು ಸೀಳಿಕೊಂಡು ಹಾದುಹೋಗುವಾಗ ಬಂಡೆಯ ಮೇಲಿದ್ದವರು ಉಸಿರು ಬಿಗಿಹಿಡಿದು ನೋಡುತ್ತಾರೆ. ಅವರ ಕಾಲಡಿಯಲ್ಲಿ ಎಂಜಿನ್ ಇರುವುದಿಲ್ಲ.

ನನ್ನ ವಾದವೆಲ್ಲ ಈ ಎಂಜಿನ್ನಿನ ಮೇಲೆಯೇ ನಿಂತಿದೆ. ಓರ್ಕಾ ಕಣ್ಣನ್ನು ನಂಬಿ ಬೇಟೆಯಾಡುವ ಪ್ರಾಣಿಯಲ್ಲ. ಆ ಮಬ್ಬು ನೀರಿನಲ್ಲಿ ಕಣ್ಣು ಎಷ್ಟು ದೂರ ಹೋದೀತು? ಅದು ಟಕಟಕ ಸದ್ದು ಹೊರಡಿಸುತ್ತದೆ. ಆ ಸದ್ದು ಮೀನಿಗೆ ತಗುಲಿ ಮರಳಿದಾಗ ಬರುವ ಪ್ರತಿಧ್ವನಿಯನ್ನು ಕೇಳಿ, ಮೀನು ಎಲ್ಲಿದೆ, ಎತ್ತ ತಿರುಗಿದೆ ಎಂದು ಲೆಕ್ಕ ಹಾಕುತ್ತದೆ. ದೋಣಿಯ ಎಂಜಿನ್ ಸದ್ದು ಮುಚ್ಚಿಹಾಕುವುದು ಇದನ್ನೇ. ಇದೇ ಜಲಭಾಗದಲ್ಲಿ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿನ್ನೆಲೆಯ ಗದ್ದಲ ಒಂದು ಡೆಸಿಬೆಲ್ ಏರಿದರೆ ಓರ್ಕಾಗಳು ತಮ್ಮ ಕೂಗನ್ನೂ ಒಂದು ಡೆಸಿಬೆಲ್ ಏರಿಸುತ್ತವೆ. 2021ರ ಇನ್ನೊಂದು ಅಧ್ಯಯನ ನನ್ನನ್ನು ಹೆಚ್ಚು ಕಾಡುತ್ತದೆ: ದೋಣಿಗಳು 400 ಗಜಕ್ಕಿಂತ ಸಮೀಪ ಬಂದಾಗ ಹೆಣ್ಣು ಓರ್ಕಾಗಳು ಬೇಟೆಯನ್ನೇ ಕೈಬಿಡುವ ಸಂಭವ ಹೆಚ್ಚು. ಮರಿಗೆ ಹಾಲೂಡಿಸಬೇಕಾದ ತಾಯಿ ಹೊಟ್ಟೆಗಿಲ್ಲದೆ ಇರುವುದು ನಮ್ಮ ಫೋಟೊಗಾಗಿ.

ಈ ಪ್ರದೇಶದ 'ದಕ್ಷಿಣ ನಿವಾಸಿ' ಓರ್ಕಾಗಳನ್ನು ಅಮೆರಿಕ ಸರ್ಕಾರ 2005ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಇಂದು ಅವುಗಳ ಸಂಖ್ಯೆ 75ರ ಆಸುಪಾಸು. ಇಷ್ಟು ಚಿಕ್ಕ ಬಳಗದಲ್ಲಿ ಒಂದು ಮರಿ ಸತ್ತರೂ ಅದು ಇಡೀ ಕುಲದ ನಷ್ಟ. ಜೆ35 ಎಂಬ ತಾಯಿ 2018ರಲ್ಲಿ ತನ್ನ ಸತ್ತ ಮರಿಯನ್ನು 17 ದಿನ ಹೊತ್ತು ತಿರುಗಿದ್ದನ್ನು ಜಗತ್ತೇ ನೋಡಿತು. ಆ ಸಾವಿಗೆ ದೋಣಿಗಳೇ ಕಾರಣವೆಂದು ಹೇಳುತ್ತಿಲ್ಲ. ಹಸಿದ ಪ್ರಾಣಿಯ ಬೆನ್ನು ಬೀಳುವುದು ತರವಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ದಡದಿಂದ ಏನೂ ಕಾಣುವುದಿಲ್ಲ ಎನ್ನುವವರಿಗೆ ನೋಡುವ ಬಗೆ ತಿಳಿದಿಲ್ಲ. ಮರಳಿನ ಮೇಲೆ ನಿಂತವರಿಗೆ ದಿಗಂತ ಐದು ಕಿಲೋಮೀಟರ್ ದೂರದಲ್ಲಿದ್ದರೆ, 25 ಮೀಟರ್ ಎತ್ತರದ ಬಂಡೆ ಹತ್ತಿದವರಿಗೆ ಅದು ಸುಮಾರು 18 ಕಿಲೋಮೀಟರ್ ಆಚೆಗೆ ಸರಿಯುತ್ತದೆ. ಯಾವ ಪ್ರವಾಸಿ ದೋಣಿಯ ಅಟ್ಟಣಿಗೆಗೆ ಆ ಎತ್ತರವಿದೆ? ಪಶ್ಚಿಮಕ್ಕೆ ಮುಖಮಾಡಿದ ತೀರವಾದರೆ ಬೆಳಿಗ್ಗೆ ಹೋಗಬೇಕು. ಸೂರ್ಯ ಬೆನ್ನ ಹಿಂದಿರುತ್ತಾನೆ, ನೀರು ಕಣ್ಣು ಕುಕ್ಕುವುದಿಲ್ಲ. ಬೈನಾಕ್ಯುಲರ್ ಆಮೇಲೆ, ಮೊದಲು ಬರಿಗಣ್ಣಿನಿಂದ ಇಡೀ ನೀರನ್ನು ನಿಧಾನವಾಗಿ ಜಾಲಾಡಬೇಕು. ಹುಡುಕಬೇಕಾದದ್ದು ಪ್ರಾಣಿಯನ್ನಲ್ಲ, ಉಸಿರನ್ನು. ಬೂದು ತಿಮಿಂಗಿಲದ ಉಸಿರು ಗಾಳಿಯಿಲ್ಲದ ದಿನ ಹೃದಯದಾಕಾರದ ಹಬೆಯಾಗಿ ಮೇಲೇಳುತ್ತದೆ. ಮೂರ್ನಾಲ್ಕು ಬಾರಿ ಹೀಗೆ ಉಸಿರು ಬಿಟ್ಟು ಅದು ಮುಳುಗುತ್ತದೆ, ಮೂರರಿಂದ ಐದು ನಿಮಿಷದ ನಂತರ ಮುಂದೆಲ್ಲೋ ಏಳುತ್ತದೆ. ಮುಳುಗಿದ ಜಾಗದಲ್ಲಿ ಬಾಲದ ಹೊಡೆತಕ್ಕೆ ಎದ್ದ ನೀರು ಮೇಲ್ಮೈಯಲ್ಲಿ ಎಣ್ಣೆ ಸವರಿದಂಥ ನುಣುಪು ವೃತ್ತವಾಗಿ ಹರಡಿಕೊಳ್ಳುತ್ತದೆ. ಒಂದರ ಮುಂದೊಂದು ಬೀಳುವ ಈ ವೃತ್ತಗಳನ್ನು ಓದಿಕೊಂಡರೆ ಮುಂದಿನ ಉಸಿರು ಎಲ್ಲಿ ಏಳುತ್ತದೆಂದು ಹೆಚ್ಚುಕಡಿಮೆ ಹೇಳಬಹುದು.

ವಿಜ್ಞಾನವೂ ಹೀಗೆಯೇ ನೋಡಿದೆ. ಬೂದು ತಿಮಿಂಗಿಲಗಳು ಆರ್ಕ್ಟಿಕ್ ಸಾಗರದ ಅಂಚಿನಿಂದ ಮೆಕ್ಸಿಕೊದ ಬಾಹಾ ಕ್ಯಾಲಿಫೋರ್ನಿಯಾಕ್ಕೆ ಬಂದು ಹೋಗಲು ವರ್ಷಕ್ಕೆ ಸುಮಾರು 16,000 ಕಿಲೋಮೀಟರಿಗೂ ಹೆಚ್ಚು ಈಜುತ್ತವೆ. ಅವುಗಳ ಅಧಿಕೃತ ಎಣಿಕೆ ನಡೆಯುವುದು ಕ್ಯಾಲಿಫೋರ್ನಿಯಾದ ಗ್ರಾನೈಟ್ ಕ್ಯಾನ್ಯನ್‌ನ ಬಂಡೆಯ ಮೇಲಿನಿಂದ. ತೀರದಿಂದ ಎಣಿಸುವ ಈ ಕ್ರಮ 1967ರಿಂದ ಬಂದಿದೆ. ದಕ್ಷಿಣ ಆಫ್ರಿಕಾದ ಹರ್ಮಾನಸ್ ಪಟ್ಟಣದಲ್ಲಂತೂ ತಿಮಿಂಗಿಲ ಕಂಡೊಡನೆ ಕೆಲ್ಪ್ ಕಡಲಕಳೆಯಿಂದ ಮಾಡಿದ ಕಹಳೆ ಊದಿ ಸಾರುವ ಹುದ್ದೆಯೇ 1992ರಿಂದ ಇದೆ. ಕಹಳೆ ಕೇಳಿದವರು ಬಂಡೆಯಂಚಿನ ಕಾಲುದಾರಿಗೆ ಓಡುತ್ತಾರೆ. ಅಲ್ಲಿಂದ ಮರಿಯೊಡನೆ ತೇಲುವ ದಕ್ಷಿಣ ರೈಟ್ ತಿಮಿಂಗಿಲ ಬರಿಗಣ್ಣಿಗೇ ಕಾಣುತ್ತದೆ.

ಕಾಣದೆ ಹೋದರೆ? ಕಾಣದೆ ಹೋಗಲಿ. ಎಷ್ಟೋ ದೋಣಿ ಕಂಪನಿಗಳು 'ತಿಮಿಂಗಿಲ ಕಾಣದಿದ್ದರೆ ಇನ್ನೊಂದು ಯಾನ ಉಚಿತ' ಎಂದು ಮಾತು ಕೊಡುತ್ತವೆ. ಅನರ್ಥದ ಮೂಲ ಆ ಮಾತೇ. ಕೊಟ್ಟ ಮಾತು ಉಳಿಸಿಕೊಳ್ಳಲು ನಾವಿಕನು ಹುಡುಕಲೇಬೇಕು, ಒಬ್ಬ ಕಂಡನೆಂದರೆ ಉಳಿದವರಿಗೆ ರೇಡಿಯೊದಲ್ಲಿ ತಿಳಿಸಲೇಬೇಕು. 1997ರ ಶರತ್ಕಾಲದಲ್ಲಿ 19 ಓರ್ಕಾಗಳು ಡೈಸ್ ಇನ್ಲೆಟ್ ಎಂಬ ಕಿರಿದಾದ ಕೊಲ್ಲಿಗೆ ಬಂದು ಸುಮಾರು ಒಂದು ತಿಂಗಳು ಉಳಿದಾಗ ವಾರಾಂತ್ಯಗಳಲ್ಲಿ ಅವುಗಳ ಸುತ್ತ ದೋಣಿಗಳು ಕಿಕ್ಕಿರಿದವು. ದಡದಲ್ಲೂ ಜನ ಸೇರಿದ್ದರು. ಎರಡೂ ಗುಂಪಿನ ಆಸೆ ಒಂದೇ, ಆದರೆ ಓರ್ಕಾಗಳ ದಾರಿಗೆ ಅಡ್ಡ ನಿಂತದ್ದು ಒಂದು ಗುಂಪು ಮಾತ್ರ.

ವಿರೋಧ: ದೋಣಿಯನ್ನು ದೂರವಿಡಿ, ಇಲ್ಲವಾಗಿಸಬೇಡಿ

ಮೇಲಿನ ವಾದದಲ್ಲಿ ಎಂಜಿನ್ ಸದ್ದಿನ ಮಾತೆಲ್ಲ ಸರಿ, ಎಂಜಿನ್ ಯಾರದೆಂಬುದು ಮಾತ್ರ ಬಿಟ್ಟುಹೋಗಿದೆ. ಲೈಮ್ ಕಿಲ್ನ್ ಬಂಡೆಯ ಮೇಲೆ ಒಂದು ಮಧ್ಯಾಹ್ನ ಕೂತವರಿಗೆ ತಿಮಿಂಗಿಲ ಕಾಣದಿದ್ದರೂ ಹಡಗು ಕಾಣುವುದು ಖಂಡಿತ. ಹಾರೋ ಜಲಸಂಧಿ ಎಂದರೆ ವ್ಯಾಂಕೂವರ್ ಬಂದರಿನ ಹೆದ್ದಾರಿ. ಕಂಟೇನರ್ ಹಡಗು, ಕಲ್ಲಿದ್ದಲು ಹಡಗು, ತೈಲದ ಟ್ಯಾಂಕರ್ ಹಗಲಿರುಳೆನ್ನದೆ ಇಲ್ಲಿ ಓಡಾಡುತ್ತವೆ. ಅವುಗಳ ಸದ್ದು ಮೈಲುಗಟ್ಟಲೆ ಹರಡುತ್ತದೆ, ಕತ್ತಲಾದರೂ ನಿಲ್ಲುವುದಿಲ್ಲ. ಪ್ರವಾಸಿ ದೋಣಿಗಳಾದರೋ ಸಂಜೆಗೆ ದಡ ಸೇರಿರುತ್ತವೆ. ಅವನ್ನು ಮಾತ್ರ ನಿಷೇಧಿಸಿ ಕೈತೊಳೆದುಕೊಳ್ಳುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. 2017ರಲ್ಲಿ ವ್ಯಾಂಕೂವರ್ ಬಂದರು ಪ್ರಾಧಿಕಾರ ಹಡಗುಗಳಿಗೆ ಇದೇ ಜಲಸಂಧಿಯಲ್ಲಿ ಸ್ವಇಚ್ಛೆಯಿಂದ 11 ನಾಟ್ ವೇಗಕ್ಕೆ ಇಳಿಯುವಂತೆ ಕೇಳಿತು. ಬಹಳಷ್ಟು ಹಡಗುಗಳು ಒಪ್ಪಿದವು, ನೀರಿನೊಳಗಿನ ಗದ್ದಲ ತಗ್ಗಿತು. ಯಾರ ಅನ್ನವನ್ನೂ ಕಸಿಯದೆ ಆದ ಕೆಲಸವಿದು.

ಇನ್ನು ಓರ್ಕಾಗಳ ಹಸಿವು. ಅವುಗಳಿಗೆ ಬೇಕಾದದ್ದು ಚಿನೂಕ್ ಸಾಲ್ಮನ್. ಆ ಮೀನು ಕಡಿಮೆಯಾದದ್ದು ನದಿಗಳಿಗೆ ಕಟ್ಟಿದ ಅಣೆಕಟ್ಟುಗಳಿಂದ, ಕಡಿದ ಕಾಡಿನಿಂದ, ಬಿಸಿಯೇರುತ್ತಿರುವ ನೀರಿನಿಂದ, ಮಿತಿಮೀರಿದ ಮೀನುಗಾರಿಕೆಯಿಂದ. ಬಳಗವೇ ಕುಗ್ಗಿದ್ದಕ್ಕೆ ಇನ್ನೂ ಹಳೆಯ ಕಾರಣವಿದೆ: 1960 ಮತ್ತು 70ರ ದಶಕಗಳಲ್ಲಿ ಮನರಂಜನಾ ಅಕ್ವೇರಿಯಂಗಳಿಗಾಗಿ ಇವುಗಳ ಮರಿಗಳನ್ನೇ ಆರಿಸಿ ಹಿಡಿದರು. 1970ರಲ್ಲಿ ಪೆನ್ ಕೋವ್‌ನಲ್ಲಿ ಹಿಡಿದ ಟೋಕಿಟೇ ಎಂಬ ಹೆಣ್ಣು 2023ರಲ್ಲಿ ಮಯಾಮಿಯ ತೊಟ್ಟಿಯಲ್ಲೇ ಸತ್ತಿತು. ಈ ಸೆರೆ ವಾಷಿಂಗ್ಟನ್ ರಾಜ್ಯದಲ್ಲಿ ನಿಂತದ್ದು 1976ರಲ್ಲಿ, ಬಡ್ ಇನ್ಲೆಟ್‌ನಲ್ಲಿ ನಡೆದ ಹಿಡಿತವನ್ನು ಜನ ಕಣ್ಣಾರೆ ಕಂಡು ರೊಚ್ಚಿಗೆದ್ದ ಮೇಲೆ. ಹತ್ತಿರದಿಂದ ಕಂಡ ಪ್ರಾಣಿಯ ಪರವಾಗಿ ಜನ ನಿಲ್ಲುತ್ತಾರೆ. ದೋಣಿಗೆ ನಾನು ಕೊಡುವ ಮುಖ್ಯ ಸಮರ್ಥನೆ ಇದು.

ಇದಕ್ಕೆ ಮೆಕ್ಸಿಕೊದ ಸ್ಯಾನ್ ಇಗ್ನಾಸಿಯೊ ಲಗೂನ್‌ಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಬೂದು ತಿಮಿಂಗಿಲಗಳು ಮರಿ ಹಾಕುವ ಈ ಹಿನ್ನೀರಿನಲ್ಲಿ 19ನೇ ಶತಮಾನದ ಬೇಟೆಗಾರರು ತಾಯಿಗಳನ್ನು ಕೊಂದಿದ್ದರು. ಈಟಿ ತಗುಲಿದ ತಿಮಿಂಗಿಲ ದೋಣಿಯನ್ನೇ ಪುಡಿಗಟ್ಟುತ್ತಿದ್ದುದರಿಂದ ಅವಕ್ಕೆ 'ದೆವ್ವದ ಮೀನು' ಎಂಬ ಹೆಸರೂ ಬಿತ್ತು. 1972ರಲ್ಲಿ ಫ್ರಾನ್ಸಿಸ್ಕೊ ಮಾಯೊರಾಲ್ ಎಂಬ ಮೀನುಗಾರ ಪಾಂಗಾ ದೋಣಿಯಲ್ಲಿದ್ದಾಗ ಒಂದು ತಿಮಿಂಗಿಲ ತಾನಾಗಿ ಪಕ್ಕಕ್ಕೆ ಬಂದು ನಿಂತಿತು. ಹೆದರಿಕೊಂಡೇ ಕೈಚಾಚಿ ಅದನ್ನು ಮುಟ್ಟಿದ. ಮುಂದೆ ಅಲ್ಲಿನ ಮೀನುಗಾರರಿಗೆ ಚಳಿಗಾಲದ ಜೀವನೋಪಾಯವೇ ತಿಮಿಂಗಿಲ ತೋರಿಸುವುದಾಯಿತು. 1990ರ ದಶಕದಲ್ಲಿ ಅದೇ ಲಗೂನ್ ಬಳಿ ಮಿತ್ಸುಬಿಷಿ ಕಂಪನಿ ಮತ್ತು ಮೆಕ್ಸಿಕೊ ಸರ್ಕಾರ ಸೇರಿ ಬೃಹತ್ ಉಪ್ಪಿನ ಕಾರ್ಖಾನೆ ಕಟ್ಟಲು ಹೊರಟಾಗ ಜಗತ್ತಿನಾದ್ಯಂತ ವಿರೋಧ ಎದ್ದಿತು, 2000ದಲ್ಲಿ ಯೋಜನೆ ರದ್ದಾಯಿತು. ಅಲ್ಲಿ ಹೋಗಿ ಆ ತಿಮಿಂಗಿಲಗಳನ್ನು ಒಂದು ಮೊಳ ದೂರದಿಂದ ಕಂಡು ಬಂದವರೇ ಇಲ್ಲದಿದ್ದರೆ ಆ ದನಿಗೆ ಅಷ್ಟು ಬಲ ಬರುತ್ತಿತ್ತೆಂದು ನನಗನ್ನಿಸುವುದಿಲ್ಲ. ಅಲ್ಲಿನ ದೋಣಿಗಳಿಗೆ ಸಂಖ್ಯೆಯ ಮಿತಿ, ಸಮಯದ ಮಿತಿ ಎರಡೂ ಇವೆ ಎಂಬುದನ್ನೂ ಹೇಳಬೇಕು.

ನ್ಯೂಜಿಲೆಂಡಿನ ಕೈಕೌರಾದ ಕಥೆಯೂ ಬೇರೆಯಲ್ಲ. 1987ರಲ್ಲಿ ಕೆಲವು ಮಾವೊರಿ ಕುಟುಂಬಗಳು ಮನೆ ಅಡವಿಟ್ಟು ತಿಮಿಂಗಿಲ ವೀಕ್ಷಣೆಯ ದೋಣಿ ಶುರುಮಾಡಿದವು. ಒಂದು ಕಾಲಕ್ಕೆ ತಿಮಿಂಗಿಲ ಬೇಟೆಯ ನೆಲೆಯಾಗಿದ್ದ ಊರು ಈಗ ಜೀವಂತ ತಿಮಿಂಗಿಲದಿಂದ ಬದುಕುತ್ತಿದೆ. ಅಲ್ಲಿ ಕಾಣುವುದು ಸ್ಪರ್ಮ್ ತಿಮಿಂಗಿಲ. ಒಮ್ಮೆ ಮುಳುಗಿದರೆ ಮುಕ್ಕಾಲು ಗಂಟೆ ಮೇಲೇಳದ, ಆಳದ ಕಡಲಕಣಿವೆಯ ಮೇಲಷ್ಟೇ ಸುಳಿಯುವ ಪ್ರಾಣಿ. ತೀರದಲ್ಲಿ ನಿಂತು ಅದಕ್ಕಾಗಿ ಕಾಯುವವರಿಗೆ ಸಿಗುವುದು ಬಹುಮಟ್ಟಿಗೆ ಗಾಳಿ ಮಾತ್ರ.

ದಡದ ವಾದದ ದೊಡ್ಡ ದೌರ್ಬಲ್ಯ ಇಲ್ಲೇ ಇದೆ. ಲೈಮ್ ಕಿಲ್ನ್, ಹರ್ಮಾನಸ್, ಓರೆಗಾನ್‌ನ ಡೀಪೋ ಬೇ ಎಲ್ಲ ಭೂರಚನೆ ಕೊಟ್ಟ ವರಗಳು. ಎಲ್ಲ ತೀರಕ್ಕೂ ಆ ವರವಿಲ್ಲ, ಇದ್ದ ಕಡೆಯೂ ಅದು ಶಾಶ್ವತವಲ್ಲ. ಫ್ರೇಸರ್ ನದಿಗೆ ಮರಳುವ ಚಿನೂಕ್ ಕಡಿಮೆಯಾದಂತೆ ದಕ್ಷಿಣ ನಿವಾಸಿ ಓರ್ಕಾಗಳು ಬೇಸಿಗೆಯಲ್ಲಿ ಹಾರೋ ಜಲಸಂಧಿಗೆ ಬರುವುದೇ ವಿರಳವಾಗಿದೆ. ಈಗ ಅಲ್ಲಿ ಹೆಚ್ಚಾಗಿ ಕಾಣುವುದು ಸೀಲ್ ಬೇಟೆಯಾಡುವ ಬಿಗ್ಸ್ ಓರ್ಕಾಗಳು. ಅವುಗಳ ಸಂಖ್ಯೆ ಏರುತ್ತಿದೆ. ಎರಡಕ್ಕೂ ಒಂದೇ ನಿಷೇಧ ಹೇರುವುದರಲ್ಲಿ ಯಾವ ತರ್ಕ?

ದಡ ನಿರಪಾಯ ಎಂಬ ಮಾತನ್ನಂತೂ ನಾನು ಒಪ್ಪುವುದೇ ಇಲ್ಲ. ತಿಮಿಂಗಿಲಕ್ಕೆ ನಿರಪಾಯ ಇರಬಹುದು. ಬಂಡೆಯ ಮೇಲೆ ಬದುಕುವ ಜೀವಗಳನ್ನು ಯಾರು ಕೇಳುತ್ತಾರೆ? ಇಳಿತದ ವೇಳೆ ಬಂಡೆಯ ಕುಳಿಗಳಲ್ಲಿ ಉಳಿದ ಅಂಗೈಯಗಲದ ನೀರಿನಲ್ಲಿ ಅನಿಮೋನ್, ನಕ್ಷತ್ರಮೀನು, ಸನ್ಯಾಸಿ ಏಡಿ, ಚಿಪ್ಪುಜೀವಿಗಳು ಒತ್ತೊತ್ತಾಗಿ ಬದುಕುತ್ತವೆ. ದೂರದ ಉಸಿರೊಂದರ ಮೇಲೆ ಕಣ್ಣು ನೆಟ್ಟು ಹಿಂದೆ ಮುಂದೆ ನೋಡದೆ ಹೆಜ್ಜೆಯಿಡುವವರ ಬೂಟಿನಡಿ ಇವು ಚೂರಾಗುತ್ತವೆ. ಬಂದರು ಸೀಲ್‌ನ ತಾಯಿ ಮರಿಯನ್ನು ಮರಳಿನಲ್ಲಿ ಬಿಟ್ಟು ಗಂಟೆಗಟ್ಟಲೆ ಮೀನಿಗೆ ಹೋಗುತ್ತದೆ. ಮರಿ ಒಂಟಿಯಾಗಿದೆಯೆಂದು ಮರುಗಿ ಜನ ಸುತ್ತ ನೆರೆಯುತ್ತಾರೆ, ಮುಟ್ಟುತ್ತಾರೆ, ಕೆಲವರು ಎತ್ತಿಕೊಂಡೂ ಹೋಗುತ್ತಾರೆ. ಜನ ಕದಲುವವರೆಗೆ ತಾಯಿ ದಡ ಹತ್ತುವುದಿಲ್ಲ. ದೋಣಿಯಲ್ಲಿ ಮಾರ್ಗದರ್ಶಕನಾದರೂ ಇರುತ್ತಾನೆ, ನಾವಿಕನ ಲೈಸೆನ್ಸ್ ಪಣಕ್ಕಿರುತ್ತದೆ. ತೀರದಲ್ಲಿ ಇರುವುದು ಒಂದು ಫಲಕ. ಡೀಪೋ ಬೇಯಲ್ಲಿ ಉದ್ಯಾನ ಇಲಾಖೆಯೇ ನಡೆಸುವ ವೀಕ್ಷಣಾ ಕೇಂದ್ರವಿದೆ, ತರಬೇತಾದ ಸ್ವಯಂಸೇವಕರಿದ್ದಾರೆ, ನಿಜ. ಅಂಥ ಕೇಂದ್ರವಿರುವ ತೀರಗಳು ಎಷ್ಟು?

ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ವಾಷಿಂಗ್ಟನ್ ರಾಜ್ಯ 2025ರ ಜನವರಿಯಿಂದ ದಕ್ಷಿಣ ನಿವಾಸಿ ಓರ್ಕಾಗಳಿಗೂ ಎಲ್ಲ ದೋಣಿಗಳಿಗೂ ನಡುವೆ 1,000 ಗಜದ ಅಂತರ ಕಡ್ಡಾಯ ಮಾಡಿದೆ. ಅಂದರೆ 900 ಮೀಟರಿಗೂ ಹೆಚ್ಚು. ಹೆಣ್ಣು ಓರ್ಕಾ ಬೇಟೆ ಬಿಡುತ್ತದೆಂದ ಆ 400 ಗಜದ ಎರಡೂವರೆ ಪಟ್ಟು. ಖಾಸಗಿ ಮೋಜಿನ ದೋಣಿಗೂ ಇದೇ ಕಾನೂನು, ಟಿಕೆಟ್ ಮಾರುವ ದೋಣಿಗೂ ಇದೇ. ವೃತ್ತಿಪರ ನಾವಿಕರಿಗೆ ಯಾವ ಬಳಗ ಯಾವುದೆಂದು ಬೆನ್ನುರೆಕ್ಕೆ ನೋಡಿಯೇ ಗೊತ್ತಾಗುತ್ತದೆ. ರಜೆಗೆ ಬಂದು ಬಾಡಿಗೆ ದೋಣಿ ಓಡಿಸುವವನಿಗೆ ಗೊತ್ತಾಗುವುದಿಲ್ಲ. ವೃತ್ತಿಪರರನ್ನು ನೀರಿನಿಂದ ಹೊರಹಾಕಿದ ಮರುದಿನವೂ ಅವನು ನೀರಿನಲ್ಲೇ ಇರುತ್ತಾನೆ. ನಿಧಾನವಾಗಿ ಹೋಗು, ದೂರ ಸರಿ ಎಂದು ಅವನಿಗೆ ಹೇಳಲು ಹತ್ತಿರದಲ್ಲಿ ಬೇರೊಂದು ದೋಣಿ ಇರುವುದಿಲ್ಲ.