ಕಂಟ್ರೋಲ್ ಎಸ್ ಯಾರ ಸ್ವತ್ತು?

ಇವತ್ತು ಮಧ್ಯಾಹ್ನ ಕಲಬುರಗಿಯ ನೆಹರೂ ಗಂಜ್‌ನಲ್ಲಿ, ನನಗೆ ಬೇಕಾದವರೊಬ್ಬರ ಅಡತಿ ಅಂಗಡಿಯಲ್ಲಿ ನಡೆದದ್ದನ್ನು ನೋಡಿ ಬಂದಾಗಿನಿಂದ ಮೈಯೆಲ್ಲ ಉರಿಯುತ್ತಿದೆ. ಅಲ್ಲಿನ ಮುನೀಮರು ತೊಗರಿ ಚೀಲಗಳ ತೂಕವನ್ನು ಚೀಟಿ ನೋಡಿ ನೋಡಿ ಎಕ್ಸೆಲ್ ಹಾಳೆಗೆ ತುಂಬಿಸಿ, ಎಲ್ಲರೂ ಮಾಡುವಂತೆ ಸೇವ್ ಮಾಡಲು ಕಂಟ್ರೋಲ್ ಎಸ್ ಒತ್ತಿದರು. ಒತ್ತಿದ್ದೇ ತಡ, ತುಂಬಿದ ಸಾಲುಗಳೆಲ್ಲ ಖಾಲಿಯಾದವು. ಮಾಡಿದ್ದನ್ನು ಹಿಂದಕ್ಕೆ ತರುವ (ಅನ್‌ಡೂ) ಕಂಟ್ರೋಲ್ ಝಡ್ ಒತ್ತಿದರೆ ಏನೂ ಮರಳಲಿಲ್ಲ. "ನಾ ಸೇವ್ ಮಾಡೀನ್ರಿ ಸರ, ಅಳಿಸೀನೇನ್ರಿ?" ಎಂದು ಅವರು ನನ್ನ ಮುಖ ನೋಡಿದರು. ಇಂಥ ಎಕ್ಸೆಲ್ ಫೈಲುಗಳನ್ನು ಮಾಡಿಕೊಡುವ ನನ್ನ ಕಸುಬು ಬಲ್ಲವರಿಗೆ ಮುಂದಿನದು ಈಗಾಗಲೇ ಹೊಳೆದಿರಬಹುದು.

ಆ ಅಂಗಡಿಗೆ ಯಾರೋ ಹುಡುಗ ಖಾತೆಯ ಫೈಲೊಂದನ್ನು ಮಾಡಿಕೊಟ್ಟಿದ್ದಾನೆ. ದಿನದ ಒಟ್ಟನ್ನು ಖಾತೆಗೆ ಏರಿಸಿ, ನಮೂದಿನ ಸಾಲುಗಳನ್ನು ಖಾಲಿ ಮಾಡಿ, ಕೊನೆಗೆ ಸೇವ್ ಮಾಡುವ ಮ್ಯಾಕ್ರೋ, ಅಂದರೆ ಹಲವು ಕೆಲಸಗಳನ್ನು ಒಂದೇ ಸಲಕ್ಕೆ ತಾನಾಗಿ ಮುಗಿಸುವ ಸಣ್ಣ ಪ್ರೋಗ್ರಾಂ, ಅದರಲ್ಲಿದೆ. ಫೈಲ್ ತೆರೆದೊಡನೆ ತಾನಾಗಿ ಓಡುವ ಕೋಡ್‌ನಲ್ಲಿ ಅವನು ಮ್ಯಾಕ್ರೋಆಪ್ಷನ್ಸ್ ಎಂಬ ಆಜ್ಞೆಯನ್ನು ಬರೆದು, ಶಾರ್ಟ್‌ಕಟ್ ಜಾಗದಲ್ಲಿ ಸಣ್ಣ ಎಸ್ ಅಕ್ಷರವನ್ನು ಕೂರಿಸಿದ್ದಾನೆ; ಅಂದರೆ ಕಂಟ್ರೋಲ್ ಎಸ್ ಒತ್ತಿದರೆ ಆ ಮ್ಯಾಕ್ರೋ ಓಡುತ್ತದೆ. ಹೀಗೆ ಕೊಟ್ಟ ಶಾರ್ಟ್‌ಕಟ್ ಎಕ್ಸೆಲ್‌ನ ಸ್ವಂತ ಶಾರ್ಟ್‌ಕಟ್ಟನ್ನು ಪಕ್ಕಕ್ಕೆ ತಳ್ಳುತ್ತದೆ. ಅದೂ ಆ ಒಂದು ಫೈಲಿನಲ್ಲಿ ಮಾತ್ರವಲ್ಲ; ಆ ಫೈಲ್ ತೆರೆದಿರುವಷ್ಟು ಹೊತ್ತು, ಪಕ್ಕದಲ್ಲಿ ತೆರೆದಿರುವ ಬೇರೆಲ್ಲ ಫೈಲುಗಳಲ್ಲಿಯೂ. ಮ್ಯಾಕ್ರೋ ಕೆಲಸ ಮಾಡಬೇಕಾದ ಹಾಳೆ ಯಾವುದೆಂದು ಹೆಸರಿಸದೆ ಆ ಮಹಾನುಭಾವ "ಸದ್ಯ ಎದುರಿಗಿರುವ ಹಾಳೆ" ಎಂದು ಬರೆದಿದ್ದರಿಂದ, ಖಾತೆಗೆ ಸಂಬಂಧವೇ ಇಲ್ಲದ ತೂಕದ ಹಾಳೆ ಬಲಿಯಾಯಿತು. ಮ್ಯಾಕ್ರೋ ಹಾಳೆಯನ್ನು ಬದಲಿಸಿದರೆ ಅನ್‌ಡೂ ಪಟ್ಟಿ ಅಳಿಸಿಹೋಗುವುದು ಎಕ್ಸೆಲ್‌ನ ಸ್ವಭಾವ. ಖಾಲಿ ಹಾಳೆಯನ್ನೇ ಸೇವ್ ಕೂಡ ಮಾಡಿದ್ದರಿಂದ, ಫೈಲ್ ಮುಚ್ಚಿ ತೆರೆದರೂ ಉಪಯೋಗವಾಗಲಿಲ್ಲ. ಮುನೀಮರು ಚೀಟಿಗಳ ಕಟ್ಟನ್ನು ಮತ್ತೆ ಬಿಚ್ಚಿಕೊಂಡು ಕುಳಿತರು.

ನನ್ನ ತಕರಾರು ಮ್ಯಾಕ್ರೋ ಬರೆದದ್ದಕ್ಕಲ್ಲ, ಶಾರ್ಟ್‌ಕಟ್ ಕೊಟ್ಟದ್ದಕ್ಕೂ ಅಲ್ಲ. ಇನ್ನೊಬ್ಬರ ಬೆರಳಿಗೆ ಕೂತುಹೋದ ಕೀಯನ್ನು ಅವರಿಗೆ ಹೇಳದೆ ಕೇಳದೆ ಕಿತ್ತುಕೊಂಡದ್ದಕ್ಕೆ. ಅದೇ ಆಜ್ಞೆಯಲ್ಲಿ ಸಣ್ಣ ಅಕ್ಷರದ ಬದಲು ದೊಡ್ಡ ಅಕ್ಷರ ಕೊಟ್ಟಿದ್ದರೆ ಶಾರ್ಟ್‌ಕಟ್ ಕಂಟ್ರೋಲ್ ಮತ್ತು ಶಿಫ್ಟ್ ಎರಡನ್ನೂ ಕೇಳುತ್ತಿತ್ತು. ಅಲ್ಲಿ ಎಕ್ಸೆಲ್ ಬಳಸದ ಅಕ್ಷರಗಳು ಹಲವಿವೆ, ಅವುಗಳಲ್ಲೊಂದನ್ನು ಆರಿಸಿಕೊಳ್ಳಬಹುದಿತ್ತು. ಒಂದು ಅಕ್ಷರವನ್ನು ದೊಡ್ಡದಾಗಿ ಬರೆಯುವ ಶ್ರಮವನ್ನೂ ಉಳಿಸಿಕೊಂಡವನಿಗೆ ಸಾವುಕಾರರು ಪೂರ್ತಿ ಹಣ ಎಣಿಸಿದ್ದಾರೆಂದು ಕೇಳಿ ಇನ್ನಷ್ಟು ಉರಿಯಿತು.

ಇದಕ್ಕಿಂತ ಸಭ್ಯವಾದ ದಾರಿಯೂ ಉಂಟು. ಆನ್‌ಕೀ ಎಂಬ ಇನ್ನೊಂದು ಆಜ್ಞೆಯನ್ನು ಫೈಲ್ ಮುಂದೆ ಬಂದಾಗ ಓಡುವ ಕೋಡ್‌ನಲ್ಲಿ ಬರೆದು, ಫೈಲ್ ಹಿಂದೆ ಸರಿದಾಗ ಓಡುವ ಕೋಡ್‌ನಲ್ಲಿ ಕೀಯನ್ನು ಮರಳಿಸಿದರೆ, ಪಕ್ಕದ ಫೈಲಿಗೆ ಬಿಸಿ ತಟ್ಟುವುದೇ ಇಲ್ಲ. ಮರಳಿಸುವಾಗ ಮಾತ್ರ ಮ್ಯಾಕ್ರೋ ಹೆಸರಿನ ಜಾಗವನ್ನು ಪೂರ್ತಿ ಬಿಟ್ಟುಬಿಡಬೇಕು. ಅಲ್ಲಿ ಖಾಲಿ ಉದ್ಧರಣ ಚಿಹ್ನೆ ಹಾಕಿದರೆ ಆ ಕೀ ಎಕ್ಸೆಲ್‌ಗೂ ಇಲ್ಲ, ನಿಮಗೂ ಇಲ್ಲ ಎಂಬಂತೆ ಸತ್ತು ಬೀಳುತ್ತದೆ. ಆಮೇಲೆ ಕೀಬೋರ್ಡ್ ಕೆಟ್ಟಿದೆಯೆಂದು ಹೊಸದನ್ನು ತರಿಸುವವರೂ ಇದ್ದಾರೆ.

ಇನ್ನು ವಿವರಣೆಯ ವಿಷಯ. ಮ್ಯಾಕ್ರೋಆಪ್ಷನ್ಸ್‌ನಲ್ಲಿ ವಿವರಣೆ ಬರೆಯುವುದಕ್ಕೆಂದೇ ಒಂದು ಜಾಗವಿದೆ. ಅಲ್ಲಿ "ಇದು ಸಾಲುಗಳನ್ನು ಅಳಿಸುತ್ತದೆ" ಎಂಬ ಅರ್ಥದ ಒಂದು ವಾಕ್ಯ ಬರೆದಿದ್ದರೆ, ಮ್ಯಾಕ್ರೋಗಳ ಪಟ್ಟಿ ತೆರೆಯಲು ಆಲ್ಟ್ ಎಫ್8 ಒತ್ತಿದವರಿಗೆ ಮ್ಯಾಕ್ರೋ ಹೆಸರಿನ ಜೊತೆಗೆ ಅದೂ ಕಾಣುತ್ತಿತ್ತು. ನಾವೇ ಬರೆದ ಫಂಕ್ಷನ್‌ಗಳಿಗಂತೂ ಯಾವ ವರ್ಗಕ್ಕೆ ಸೇರಬೇಕೆಂದು ಹೇಳಬಹುದು. ಹೇಳದಿದ್ದರೆ ಎಲ್ಲವೂ "ಯೂಸರ್ ಡಿಫೈನ್ಡ್" ಎಂಬ ಗುಂಪಿನಲ್ಲಿ ಹೋಗಿ ಬೀಳುತ್ತವೆ. ಎಕ್ಸೆಲ್ 2010ರಿಂದ ಈಚೆಗೆ ಪ್ರತಿ ಆರ್ಗ್ಯುಮೆಂಟ್‌ಗೂ, ಅಂದರೆ ಫಂಕ್ಷನ್‌ಗೆ ನಾವು ತುಂಬಿಸುವ ಒಂದೊಂದು ಮಾಹಿತಿಗೂ, ಪ್ರತ್ಯೇಕ ವಿವರಣೆ ಕೊಡಬಹುದು. ನಾನು ಕೊಟ್ಟ ದಲಾಲಿ ಲೆಕ್ಕದ ಫಂಕ್ಷನ್ನಿನಲ್ಲಿ ಮೊದಲು ಕ್ವಿಂಟಲ್ ಬರೆಯಬೇಕೋ ದರವನ್ನೋ ಎಂದು ಮುನೀಮರು ನನಗೆ ಫೋನ್ ಮಾಡದಿರುವುದು ಈ ಸೌಲಭ್ಯದಿಂದಲೇ. ಮೆನುಗೆ ಸಂಬಂಧಿಸಿದ ಎರಡು ಜಾಗಗಳೂ ಅದೇ ಆಜ್ಞೆಯಲ್ಲಿವೆ; ಎಕ್ಸೆಲ್ ಅವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ನಮ್ಮ ಹುಡುಗ ಅವೆರಡನ್ನು ಮಾತ್ರ ಶ್ರದ್ಧೆಯಿಂದ ತುಂಬಿಸಿದ್ದಾನೆ!

ವಿವರಣೆಯನ್ನು ಕನ್ನಡದಲ್ಲಿ ಬರೆಯೋಣವೆಂದರೆ ಅದು ಬೇರೆಯೇ ಗೋಳು. ಮ್ಯಾಕ್ರೋ ಬರೆಯುವ ವಿಬಿಎ ಎಡಿಟರ್ ಕನ್ನಡದಂಥ ಲಿಪಿಗಳ ಯೂನಿಕೋಡ್ ಒಪ್ಪದು. ಕನ್ನಡ ಟೈಪಿಸಿದರೆ ಸಾಲುಗಟ್ಟಲೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಹಾಳೆಯ ಸೆಲ್‌ಗಳಲ್ಲಿ ಆ ತೊಂದರೆಯಿಲ್ಲ. ಆದ್ದರಿಂದ ನಾನು ಕೊಡುವ ಪ್ರತಿ ಫೈಲಿನ ಮೊದಲ ಹಾಳೆಯಲ್ಲೇ ಯಾವ ಕೀ ಏನು ಮಾಡುತ್ತದೆಂದು ಕನ್ನಡದಲ್ಲಿ ಬರೆದಿಡುತ್ತೇನೆ. ಇದಕ್ಕಾಗಿ ನನ್ನನ್ನು "ಮೇಷ್ಟ್ರೇ" ಎಂದು ಹಂಗಿಸುವವರಿದ್ದಾರೆ, ಹಂಗಿಸಲಿ.

"ಕೊಡುವ ಕಾಸಿಗೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಸೇವ್ ಒತ್ತಿದಾಗ ಎಲ್ಲವೂ ಮುಗಿದರೆ ಅನುಕೂಲವೇ ಅಲ್ಲವೇ?" ಎಂದು ಕೇಳುವವರು ಈ ಬರಹದ ಕೆಳಗೆ ಬಂದೇ ಬರುತ್ತಾರೆ. ಆ ಫೈಲೊಂದನ್ನೇ ತೆರೆದುಕೊಂಡು ಕೂರುವ ಅಂಗಡಿ ಇದ್ದರೆ ಅನುಕೂಲವೇ ಇರಬಹುದು. ಅಂಥ ಅಂಗಡಿಯನ್ನು ನಾನು ಗಂಜ್‌ನಲ್ಲಿ ನೋಡಿಲ್ಲ. ಮೇಲಾಗಿ ಅಂತರ್ಜಾಲದಿಂದ ಬಂದ ಫೈಲುಗಳ ಮ್ಯಾಕ್ರೋಗಳನ್ನು ಮೈಕ್ರೋಸಾಫ್ಟ್ 2022ರಿಂದ ತಾನೇ ತಡೆಯುತ್ತಿದೆ. ಹಾಗೆ ಬಂದ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ, ಅನ್‌ಬ್ಲಾಕ್ ಎಂಬಲ್ಲಿ ಗುರುತು ಹಾಕಿ, ನಂಬಿಕೆಯಿಂದ ಒಳಗೆ ಕರೆದುಕೊಳ್ಳುವವರು ಮುನೀಮರಂಥವರೇ. ಹಾಗೆ ಕರೆಸಿಕೊಂಡವನು ಮನೆಯ ಬೀಗ ಬದಲಿಸಿದರೆ ಅದನ್ನು ಅನುಕೂಲ ಎನ್ನುತ್ತೀರಾ?

ಒಂದು ಮಾತು ಒಪ್ಪಿಕೊಳ್ಳುತ್ತೇನೆ: ಆ ಹುಡುಗನ ಉಳಿದ ಕೋಡ್ ನನ್ನದಕ್ಕಿಂತ ಚೊಕ್ಕವಾಗಿದೆ, ವೇಗವಾಗಿಯೂ ಓಡುತ್ತದೆ. ನನ್ನ ಸಿಟ್ಟಿನಲ್ಲಿ ಅರ್ಧ ಅದರದೇ ಹೊಟ್ಟೆಕಿಚ್ಚು. ಅಷ್ಟು ಬಲ್ಲವನಿಗೆ ಇಷ್ಟು ತಿಳಿಯದೇ ಹೋಯಿತೇ ಎಂಬುದು ಉಳಿದರ್ಧ.

ಗಂಜ್‌ನ ಗೆಳೆಯರು ಬೇರೆಯವರಿಂದ ಮಾಡಿಸಿಕೊಂಡ ಫೈಲನ್ನು ಇವತ್ತೇ ತೆರೆದು ಆಲ್ಟ್ ಎಫ್8 ಒತ್ತಿರಿ. ಒಂದೊಂದೇ ಮ್ಯಾಕ್ರೋ ಆರಿಸಿ, ಆಪ್ಷನ್ಸ್ ಬಟನ್ ಒತ್ತಿ, ಕಂಟ್ರೋಲ್ ಪಕ್ಕದ ಚೌಕದಲ್ಲಿ ಯಾವ ಅಕ್ಷರವಿದೆಯೆಂದು ನೋಡಿರಿ. ಎಸ್, ಸಿ, ವಿ, ಪಿ, ಝಡ್‌ಗಳಲ್ಲಿ ಯಾವುದಾದರೂ ಕಂಡರೆ ಅಳಿಸಿರಿ. ಆನ್‌ಕೀ ಮೂಲಕ ಕೊಟ್ಟದ್ದು ಅಲ್ಲಿ ಕಾಣುವುದಿಲ್ಲ, ಅದಕ್ಕೆ ಕೋಡನ್ನೇ ಓದಬೇಕು. ಫೈಲನ್ನು ಮುಚ್ಚಿ ತೆರೆದಾಗ ಅಳಿಸಿದ ಅಕ್ಷರ ಮತ್ತೆ ಬಂದು ಕುಳಿತಿದ್ದರೂ ಅಷ್ಟೇ, ಅದು ತೆರೆಯುವ ಕೋಡ್‌ನಲ್ಲಿದೆ, ಅಲ್ಲಿಂದಲೇ ತೆಗೆಸಬೇಕು. ಕೋಡನ್ನು ಪಾಸ್‌ವರ್ಡ್ ಹಾಕಿ ಮುಚ್ಚಿಟ್ಟಿದ್ದರೆ, ಬರೆದುಕೊಟ್ಟವನು ಬಂದು ತೆಗೆಯುವತನಕ ಅವನ ಬಾಕಿಯಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿರಿ.